ಇಡೀ ಹಾಡನ್ನು ನಾಯಕನ ಕಣ್ಣಿನಿಂದಲೇ ಚಿತ್ರೀಕರಿಸಿದರೆ ಜನ ನೋಡುತ್ತಾರೆಯೇ?

ಉಣಕಲ್ ದಂಡೆ
ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿಯ ಸಣ್ಣ ತಂಡ. ಜಾನಪದ ಧಾಟಿಯ ನಾಲ್ಕೂವರೆ ನಿಮಿಷದ ಹಾಡೊಂದರ ಧ್ವನಿಮುದ್ರಣ ಮುಗಿದಿದೆ, ವಿಡಿಯೊ ಬಾಕಿ ಇದೆ. ಹಾವೇರಿ ಕಡೆಯ ಹುಡುಗನೊಬ್ಬ ಹುಬ್ಬಳ್ಳಿಯಲ್ಲಿ ಅಂಗಡಿ ಕೆಲಸಕ್ಕೆ ಇದ್ದಾನೆ. ದುರ್ಗದ ಬೈಲಿನ ಗದ್ದಲದಲ್ಲಿ ಒಬ್ಬಳನ್ನು ಕಾಣುತ್ತಾನೆ, ಬೆನ್ನು ಹತ್ತುತ್ತಾನೆ, ಅವಳು ಚಿಗರಿ ಬಸ್ ಹತ್ತಿ ಹೋಗಿಬಿಡುತ್ತಾಳೆ. ದೀಪಾವಳಿಗೆ ಊರಿಗೆ ಹೋದರೆ ಅವಳು ಅಲ್ಲೇ ನೆಂಟರ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಾಳೆ. ಇಂಥ ಕಥೆಯ ಹಾಡುಗಳು ಯೂಟ್ಯೂಬಿನಲ್ಲಿ ರಾಶಿ ಬಿದ್ದಿವೆ, ಗೊತ್ತಿದೆ. ಅದಕ್ಕೇ ನಮ್ಮ ನಿರ್ದೇಶಕ ಹಟ ಹಿಡಿದಿದ್ದಾನೆ: ಮೊದಲಿನಿಂದ ಕೊನೆಯವರೆಗೆ ಕ್ಯಾಮೆರಾವೇ ಹುಡುಗ. ಅವನು ಕಂಡದ್ದಷ್ಟೇ ನಮಗೂ ಕಾಣಬೇಕು. ಅವನ ಕೈ ಕಾಣಬಹುದು, ಚಪ್ಪಲಿ ಕಾಣಬಹುದು, ಅವನು ಕಾಣಬಾರದು.

ತೊಂದರೆ ಎರಡು. ಆಕ್ಷನ್ ಕ್ಯಾಮೆರಾವನ್ನು ತಲೆಗೆ ಕಟ್ಟಿಕೊಂಡು ಬೈಲಿನಲ್ಲಿ ಸುತ್ತಿ ತಂದ ದೃಶ್ಯ ನೋಡಿದರೆ ಹೊಟ್ಟೆ ತೊಳಸುತ್ತದೆ. ಎಡಿಟಿಂಗ್ ಮಾಡುವ ಹುಡುಗ ನಡುವೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಎರಡನೆಯದು ಇನ್ನೂ ದೊಡ್ಡದು. ಹಾಡಿದವನೇ ನಾಯಕ, ಅರ್ಧ ಹಣವೂ ಅವನದೇ. ‘ನನ್ನ ಮುಖವೇ ಕಾಣದ ವಿಡಿಯೊಗೆ ನಾನೇಕೆ ದುಡ್ಡು ಹಾಕಲಿ?’ ಎನ್ನುತ್ತಾನೆ. ಈ ಬಗೆಯಲ್ಲಿ ಕೆಲಸ ಮಾಡಿದವರು ಇದ್ದರೆ ದಾರಿ ತೋರಿಸಿ.

ಮಿರ್ಚಿ ಗಿರ್ಮಿಟ್
ದುಡ್ಡು ಹಾಕಿದವನ ಮಾತು ನಡೆಯುತ್ತದೆ. ಚರ್ಚೆ ಮುಗಿಯಿತು, ಬೀಗ ಹಾಕಿ.

ಸಪ್ತಾಪುರ ಬಾವಿ
ಹೊಸದು ಮಾಡುತ್ತಿದ್ದೇನೆ ಎಂದು ನಿಮ್ಮ ನಿರ್ದೇಶಕ ತಿಳಿದಿದ್ದರೆ ಅದನ್ನು ಮೊದಲು ತಲೆಯಿಂದ ತೆಗೆಯಿಸಿ. 1947ರಲ್ಲೇ ಹಾಲಿವುಡ್ಡಿನ ರಾಬರ್ಟ್ ಮಾಂಟ್ಗೊಮೆರಿ ‘ಲೇಡಿ ಇನ್ ದಿ ಲೇಕ್’ ಎಂಬ ಪತ್ತೇದಾರಿ ಚಿತ್ರವನ್ನು ಹೆಚ್ಚುಕಡಿಮೆ ಪೂರ್ತಿ ಹೀಗೆ ತೆಗೆದಿದ್ದ. ನಿರ್ದೇಶಕನೂ ಅವನೇ, ಪತ್ತೇದಾರನೂ ಅವನೇ. ಮುಖ ಕಾಣುವುದು ಕನ್ನಡಿಯ ಮುಂದೆ ಬಂದಾಗ, ಇಲ್ಲವೇ ನಡುನಡುವೆ ಕುಳಿತು ನಮಗೆ ಕಥೆ ಹೇಳುವಾಗ. ಉಳಿದವರೆಲ್ಲ ಲೆನ್ಸನ್ನೇ ದಿಟ್ಟಿಸಿ ಮಾತನಾಡುತ್ತಾರೆ. ಮೊದಲ ಹತ್ತು ನಿಮಿಷ ಮಜಾ ಎನಿಸುತ್ತದೆ, ಆಮೇಲೆ ಎಲ್ಲರೂ ನಮ್ಮನ್ನೇ ವಿಚಾರಣೆ ಮಾಡುತ್ತಿದ್ದಾರೆ ಎನಿಸತೊಡಗುತ್ತದೆ.

ಸಂಗೀತ ವಿಡಿಯೊಗಳಲ್ಲಿ ದೊಡ್ಡ ಸದ್ದು ಮಾಡಿದ್ದು 1997ರಲ್ಲಿ ಇಂಗ್ಲೆಂಡಿನ ಪ್ರಾಡಿಜಿ ತಂಡಕ್ಕೆ ಸ್ವೀಡನ್ನಿನ ಯೊನಾಸ್ ಒಕರ್ಲುಂಡ್ ಮಾಡಿಕೊಟ್ಟದ್ದು. ಒಂದು ರಾತ್ರಿಯ ಕುಡಿತ, ಹೊಡೆದಾಟ, ವಾಂತಿ, ಎಲ್ಲವೂ ಒಬ್ಬರ ಕಣ್ಣಿನಿಂದ. ಆಮೇಲೆ 2013ರಲ್ಲಿ ರಷ್ಯಾದ ಬೈಟಿಂಗ್ ಎಲ್ಬೋಸ್ ತಂಡದ ಗಾಯಕ ಇಲ್ಯಾ ನೈಷುಲ್ಲರ್ ತನ್ನ ತಂಡದ ಹಾಡಿಗೆ ತಾನೇ ಗುಂಡಿನ ಕಾಳಗದ ಒಂದು ವಿಡಿಯೊ ತೆಗೆದ. ಅದು ಓಡಿದ ಓಟಕ್ಕೆ ‘ಹಾರ್ಡ್‌ಕೋರ್ ಹೆನ್ರಿ’ ಎಂಬ ಪೂರ್ಣಾವಧಿಯ ಚಿತ್ರವೇ ಹುಟ್ಟಿತು, 2015ರಲ್ಲಿ. ನಾಯಕನ ಮುಖ ಆ ಚಿತ್ರದಲ್ಲಿ ನೋಡಸಿಗುವುದಿಲ್ಲ. ನಿಮ್ಮ ಗಾಯಕನಿಗೆ ಇದನ್ನು ತಿಳಿಸಿ, ಮುಖ ತೋರಿಸದ ಹಾಡಿನಿಂದಲೇ ಗಾಯಕನೊಬ್ಬ ಚಿತ್ರ ನಿರ್ದೇಶಕನಾದ.

ಪೇಡೆ ಪೊಟ್ಟಣ
1947 ಕೂಡ ಮೊದಲಲ್ಲ. 1931ರ ‘ಡಾ. ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಚಿತ್ರದ ಆರಂಭದ ನಿಮಿಷಗಳು ಪೂರ್ತಿ ಡಾಕ್ಟರನ ಕಣ್ಣಿನಿಂದಲೇ ಇವೆ. ಎದುರಿಗೆ ಆರ್ಗನ್ ನುಡಿಸುವ ಕೈಗಳು, ಆಮೇಲೆ ಕನ್ನಡಿ. ರೂಬೆನ್ ಮಮೂಲಿಯನ್ ನಿರ್ದೇಶನ. ಆದರೆ ಅವನು ಜಾಣ, ಕೆಲವೇ ನಿಮಿಷಕ್ಕೆ ನಿಲ್ಲಿಸಿದ.

ಸಪ್ತಾಪುರ ಬಾವಿ
ಪೂರ್ತಿ ಚಿತ್ರದ ಮಾತು ಆಡುತ್ತಿದ್ದೆ, ಆರಂಭದ ತುಣುಕಿನದಲ್ಲ. ಆದರೂ ಒಪ್ಪಿದೆ, ನೀವು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆ.

ಮದುವೆ ವಿಡಿಯೊ ಕಾಕಾ
ಇತಿಹಾಸ ಆಯಿತು, ಈಗ ಕೆಲಸದ ಮಾತು ಆಡೋಣ. ಕ್ಯಾಸೆಟ್ ಕಾಲದಿಂದ ಹುಬ್ಬಳ್ಳಿ, ಗದಗ, ರೋಣ ಎಂದು ಮದುವೆ ವಿಡಿಯೊ ಮಾಡಿದವನು ನಾನು. ಈಗ ಮಗ ಆಲ್ಬಂ ಹಾಡುಗಳನ್ನು ಮಾಡುತ್ತಾನೆ, ನಾನು ಲೈಟು ಹಿಡಿಯುತ್ತೇನೆ.

ತಲೆಗೆ ಕಟ್ಟಿದರೆ ಹೊಟ್ಟೆ ತೊಳಸುವುದೇಕೆ ಎಂದು ತಿಳಿದುಕೊಳ್ಳಿ. ನಾವು ನಡೆಯುವಾಗ ತಲೆ ಎಷ್ಟು ಅಲುಗುತ್ತದೆ ಎಂಬುದು ನಮಗೆ ಗೊತ್ತೇ ಆಗುವುದಿಲ್ಲ. ತಲೆ ಎಡಕ್ಕೆ ಹೊರಳಿದರೆ ಕಣ್ಣುಗುಡ್ಡೆ ತಾನಾಗಿ ಬಲಕ್ಕೆ ಹೊರಳಿ ನೋಟವನ್ನು ನಿಲ್ಲಿಸಿಕೊಳ್ಳುತ್ತದೆ. ಒಳಗಿವಿಯೂ ಕಣ್ಣೂ ಕೂಡಿ ಮಾಡುವ ಕೆಲಸ ಅದು. ಕ್ಯಾಮೆರಾಕ್ಕೆ ಆ ಗುಡ್ಡೆ ಇಲ್ಲ. ಮೇಲಾಗಿ ನೋಡುವವನು ಮನೆಯಲ್ಲಿ ಸುಮ್ಮನೆ ಕುಳಿತಿದ್ದಾನೆ. ಓಡುತ್ತಿದ್ದೇನೆ ಎಂದು ಕಣ್ಣು ಹೇಳುತ್ತದೆ, ಇಲ್ಲ ಎಂದು ಕಿವಿಯ ಒಳಭಾಗ ಹೇಳುತ್ತದೆ. ಬಸ್ಸಿನಲ್ಲಿ ಪುಸ್ತಕ ಓದಿದಾಗ ಆಗುವ ಸಂಕಟವೂ ಈ ಜಗಳದ್ದೇ, ಅಲ್ಲಿ ಸಾಕ್ಷಿಗಳು ಅದಲುಬದಲು ಅಷ್ಟೇ.

ಆದ್ದರಿಂದ ಎದೆಗೆ ಕಟ್ಟಿ. ಎದೆ ತಲೆಯಷ್ಟು ತಿರುಗುವುದಿಲ್ಲ. ಇನ್ನೊಂದು ಲಾಭ, ಕೈಗಳು ಚೆನ್ನಾಗಿ ಕಾಣುತ್ತವೆ. ತಲೆಗೆ ಕಟ್ಟಿದ ಕ್ಯಾಮೆರಾದಲ್ಲಿ ಕೈ ಕಾಣಬೇಕಾದರೆ ಪ್ರತಿ ಸಲ ಮೂಗಿನ ಮುಂದಕ್ಕೆ ಎತ್ತಬೇಕು, ದೆವ್ವದ ನಾಟಕದಂತೆ ಕಾಣುತ್ತದೆ. ಆದರೆ ಎದೆಯ ಎತ್ತರದಲ್ಲಿ ಎದುರಿನವರ ಕಣ್ಣು ಸಿಗುವುದಿಲ್ಲ, ಗದ್ದ ಸಿಗುತ್ತದೆ. ಹುಡುಗಿ ನೋಡುವ ಶಾಟುಗಳಿಗೆ ಮಾತ್ರ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಗದ್ದಕ್ಕೆ ಆನಿಸಿಕೊಂಡು, ಉಸಿರು ಬಿಗಿಹಿಡಿದು ತೆಗೆಯಿರಿ.

ಅಗಲ ಲೆನ್ಸಿನಲ್ಲಿ ಹತ್ತಿರದ ವಸ್ತು ಊದಿಕೊಳ್ಳುತ್ತದೆ. ನಮ್ಮ ಹುಡುಗರು ಒಂದು ಹಾಡಿನಲ್ಲಿ ನಾಯಕ ಚಹಾ ಕುಡಿಯುವುದನ್ನು ಹೀಗೆ ತೆಗೆದಿದ್ದರು. ಲೋಟ ಹತ್ತಿರ ಬಂದಂತೆ ದೊಡ್ಡದಾಗಿ ದೊಡ್ಡದಾಗಿ ಪರದೆಯನ್ನೇ ನುಂಗಿತು, ಹಿಡಿದ ಹೆಬ್ಬೆರಳಿನ ಉಗುರಿನ ಕೆಳಗಿನ ಮೆಹಂದಿಯ ಕೊಳೆ ಸಮೇತ. ನಾಯಕನಿಗೆ ಹಿಂದಿನ ವಾರ ಅಕ್ಕನ ಮದುವೆಯಾಗಿತ್ತು, ಅದು ಕಥೆಯಲ್ಲಿ ಇರಲಿಲ್ಲ. ಈ ಬಗೆಯಲ್ಲಿ ಕೈಯೇ ನಟ. ಉಗುರು ಕತ್ತರಿಸಿ, ಗಡಿಯಾರ ಯಾವ ಕೈಗೆ ಎಂದು ಬರೆದಿಟ್ಟುಕೊಳ್ಳಿ.

ರಾತ್ರಿ ಬೈಲಿನಲ್ಲಿ ತೆಗೆಯುವುದಾದರೆ ಎಚ್ಚರ. ಆಕ್ಷನ್ ಕ್ಯಾಮೆರಾದ ಸೆನ್ಸರ್ ಚಿಕ್ಕದು. ಕತ್ತಲಲ್ಲಿ ಒಂದೊಂದು ಫ್ರೇಮೂ ಅಲುಗಿ ಮಸುಕಾಗಿರುತ್ತದೆ, ಅದನ್ನು ಸ್ಥಿರಗೊಳಿಸುವ ಸೌಲಭ್ಯ ಮಸುಕನ್ನು ಹಾಗೆಯೇ ಇಟ್ಟು ಚಿತ್ರವನ್ನು ಮಾತ್ರ ನಿಲ್ಲಿಸುತ್ತದೆ. ದೀಪಗಳೆಲ್ಲ ಜೆಲ್ಲಿಯಂತೆ ತೊನೆದಾಡುತ್ತವೆ. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಷಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ ಐವತ್ತರಲ್ಲಿ ಒಂದು ಇಲ್ಲವೇ ನೂರರಲ್ಲಿ ಒಂದು. 30 ಮತ್ತು 60ಕ್ಕೆ ಹಾಕಿಕೊಂಡು ಹೋದರೆ ಅಂಗಡಿ ಟ್ಯೂಬ್‌ಲೈಟುಗಳು ಮಿಣುಕುತ್ತವೆ.

ಉಣಕಲ್ ದಂಡೆ
ಕಾಕಾ, ನಿಮ್ಮ ಮಾತನ್ನು ಹಾಗೆಯೇ ತಂಡದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದೇನೆ. ನಾವು 60ಕ್ಕೇ ಇಟ್ಟಿದ್ದೆವು.

ಏಲಕ್ಕಿ ಹಾರ
ಹಾವೇರಿಯವನು. ದೀಪಾವಳಿ ಎಂದಿರಿ, ಹೋರಿ ಬೆದರಿಸುವ ದೃಶ್ಯ ಇಲ್ಲವೇ? ಈ ಬಗೆಯ ಕ್ಯಾಮೆರಾ ಹುಟ್ಟಿದ್ದೇ ಅದಕ್ಕೆ ಎನ್ನಬಹುದು. ಕೊರಳಿಗೆ ಒಣಕೊಬ್ಬರಿಯ ಸರ, ಕೋಡಿಗೆ ಬಲೂನು, ಮೈಮೇಲೆ ಜೂಲು ಹೊತ್ತ ಹೋರಿ ಅಖಾಡದ ಬಾಯಿಯಿಂದ ಬಿಟ್ಟ ಕೂಡಲೇ ಎರಡೂ ಬದಿಯ ಜನ ಬಾಗಿಲು ತೆರೆದಂತೆ ಸರಿಯುತ್ತಾರೆ. ಹೊರಗಿನಿಂದ ತೆಗೆದ ವಿಡಿಯೊದಲ್ಲಿ ಇದು ಗದ್ದಲವಾಗಿಯಷ್ಟೇ ಕಾಣುತ್ತದೆ. ಕೊಬ್ಬರಿ ಹರಿಯಲು ಹೋಗುವವನ ಎದೆಯ ಮೇಲಿನಿಂದ ನೋಡಿದರೆ ಮೊದಲು ಏನೂ ಇಲ್ಲ, ಬರೀ ಮುಂದಿನವರ ಬೆನ್ನು. ಬೆನ್ನುಗಳು ಎಡಕ್ಕೂ ಬಲಕ್ಕೂ ಹಾರುತ್ತವೆ, ಧೂಳು, ಆಮೇಲೆ ಒಮ್ಮೆಲೇ ಇಡೀ ಪರದೆಯ ತುಂಬ ಕೋಡು. ನನ್ನ ತಮ್ಮನ ಗೆಳೆಯರು ತೆಗೆದ ತುಣುಕನ್ನು ನೋಡಿದ್ದೇನೆ. ಕ್ಯಾಮೆರಾ ಕಿತ್ತು ನೆಲಕ್ಕೆ ಬಿದ್ದು, ಗೊರಸು, ಚಪ್ಪಲಿ, ಯಾರದೋ ಲುಂಗಿ, ಮತ್ತೆ ಆಕಾಶ. ಹಾಡಿಗೆ ಬೇಕಾದ ಅಂತ್ಯ ಅಲ್ಲೇ ಇತ್ತು.

ಬ್ಯಾಡಗಿ ಘಾಟು
ಸಲಹೆ ಕೊಡುವಾಗ ಸ್ವಲ್ಪ ವಿಚಾರ ಮಾಡಿ. ಹೋರಿ ಹಬ್ಬದಲ್ಲಿ ತಿವಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಯಲ್ಲಿ ಓದಿಲ್ಲವೇ? ಒಳ್ಳೆಯ ಶಾಟ್ ಬೇಕೆಂದು ಓಡುವವನ ಗಮನ ಹೋರಿಯ ಮೇಲೆ ಇರುವುದಿಲ್ಲ.

ಏಲಕ್ಕಿ ಹಾರ
ನಟನನ್ನು ಅಖಾಡಕ್ಕೆ ಇಳಿಸಿ ಎಂದು ನಾನು ಹೇಳಿಲ್ಲ. ಇಳಿಯುವವರು ಹೇಗೂ ಇಳಿಯುತ್ತಾರೆ, ಅವರಲ್ಲಿ ಕೆಲವರ ಎದೆಯ ಮೇಲೆ ಈಗಾಗಲೇ ಕ್ಯಾಮೆರಾ ಇದೆ. ಒಪ್ಪಿಗೆ ಪಡೆದು ಅವರ ತುಣುಕನ್ನೇ ಕೊಂಡುಕೊಳ್ಳಲಿ. ಅಂಗಿಯ ತೋಳು ಮಾತ್ರ ನಾಯಕನದಕ್ಕೆ ಹೊಂದಬೇಕು.

ಕೆಲಗೇರಿ ಗಾಳಿ
ಇಷ್ಟು ಜನ ಇಷ್ಟು ಮಾತಾಡಿದಿರಿ. ಕಥೆಯನ್ನು ಒಬ್ಬರೂ ಓದಿದಂತಿಲ್ಲ. ‘ದುರ್ಗದ ಬೈಲಿನಲ್ಲಿ ಒಬ್ಬಳನ್ನು ಕಾಣುತ್ತಾನೆ, ಬೆನ್ನು ಹತ್ತುತ್ತಾನೆ.’ ಇದನ್ನು ಮಾಮೂಲಿ ರೀತಿಯಲ್ಲಿ ತೆಗೆದರೆ ನಾಯಕನ ಸಂಕೋಚದ ಮುಖ, ಪೆಚ್ಚು ನಗೆ, ಗೆಳೆಯನ ಚೇಷ್ಟೆ ಎಲ್ಲ ಕಾಣುತ್ತವೆ, ನೋಡುವವರು ಪಾಪ ಎಂದು ಬಿಟ್ಟುಬಿಡುತ್ತಾರೆ. ಅವನ ಕಣ್ಣಿನಿಂದ ತೆಗೆದರೆ ಉಳಿಯುವುದೇನು? ಜನಸಂದಣಿಯಲ್ಲಿ ಒಂದು ಹುಡುಗಿಯ ಬೆನ್ನು, ಅದರ ಹಿಂದೆ ನಿಲ್ಲದೆ ಬರುವ ಕ್ಯಾಮೆರಾ. ಅವಳು ಬಳೆ ಅಂಗಡಿಗೆ ತಿರುಗಿದರೆ ಅದೂ ತಿರುಗುತ್ತದೆ. ಅದು ಪ್ರೇಮಗೀತೆಯಾಗಿ ಕಾಣುವುದಿಲ್ಲ ಅಣ್ಣಾ, ಪೊಲೀಸರಿಗೆ ಕೊಡುವ ದೂರಿನ ಸಾಕ್ಷ್ಯವಾಗಿ ಕಾಣುತ್ತದೆ. ಧಾರವಾಡದಲ್ಲಿ ಓದುವಾಗ ಸಂಜೆ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ನನ್ನ ಹಿಂದೆ ಬರುತ್ತಿದ್ದ ಹೆಜ್ಜೆ ನನ್ನ ಹೆಜ್ಜೆಯ ಲೆಕ್ಕಕ್ಕೇ ಬೀಳುತ್ತಿತ್ತು, ನಾನು ನಿಂತರೆ ನಿಲ್ಲುತ್ತಿತ್ತು. ಆ ಹೆಜ್ಜೆಯ ಒಳಗೆ ನನ್ನನ್ನು ಕೂರಿಸಿ ಹಾಡು ಕೇಳಿಸಿದರೆ ನಾನು ವಿಡಿಯೊ ಮುಚ್ಚುತ್ತೇನೆ.

ಪ್ರಾಡಿಜಿಯ ವಿಡಿಯೊ ಎಂದು ಹೆಸರು ಹೇಳಿದವರು ಅದರ ಕೊನೆಯನ್ನು ಏಕೆ ಹೇಳಲಿಲ್ಲ? ರಾತ್ರಿಯಿಡೀ ದಾಂಧಲೆ ಮಾಡಿದ್ದು ಗಂಡಸು ಎಂದೇ ನಂಬಿರುತ್ತೇವೆ, ಕೊನೆಗೆ ಕನ್ನಡಿಯಲ್ಲಿ ಕಾಣುವುದು ಹೆಂಗಸು. ಆ ನಿರ್ದೇಶಕನಿಗೆ ಈ ಬಗೆ ಬೇಕಾಗಿತ್ತು, ಏಕೆಂದರೆ ಯಾರು ನೋಡುತ್ತಿದ್ದಾರೆ ಎಂಬುದನ್ನೇ ಅವನು ಬಚ್ಚಿಟ್ಟಿದ್ದ. ನಿಮ್ಮ ಹಾಡಿನಲ್ಲಿ ಬಚ್ಚಿಟ್ಟಿರುವುದೇನು?

ಮಿರ್ಚಿ ಗಿರ್ಮಿಟ್
ಹಾಡು ಹಾಡಾಗಿರಲಿ ಅಕ್ಕಾ. ಎಲ್ಲದರಲ್ಲೂ ತಪ್ಪು ಹುಡುಕಿದರೆ ಹಳ್ಳಿ ಹಾಡುಗಳೇ ಉಳಿಯುವುದಿಲ್ಲ. ನಮ್ಮ ಜಾನಪದದಲ್ಲಿ ಚೇಷ್ಟೆ, ಕೆಣಕುವುದು ಮೊದಲಿನಿಂದಲೂ ಇದೆ.

ಕೆಲಗೇರಿ ಗಾಳಿ
ಇದೆ. ಆದರೆ ಹಂತಿ ಹಾಡಿನಲ್ಲೋ ಗೀಗೀ ಪದದಲ್ಲೋ ಕೆಣಕಿದರೆ ಎದುರಿಗಿದ್ದವರು ತಿರುಗಿ ಎರಡರಷ್ಟು ಕೊಡುತ್ತಾರೆ. ಸವಾಲಿಗೆ ಜವಾಬು ಇರುತ್ತದೆ. ಈ ಕ್ಯಾಮೆರಾ ಅವಳಿಗೆ ಜವಾಬು ಕೊಡುವ ಅವಕಾಶವನ್ನೇ ಕೊಡುವುದಿಲ್ಲ, ಬೆನ್ನಷ್ಟೇ ತೋರಿಸುತ್ತದೆ. ಅವಳು ತಿರುಗಲಿ, ಲೆನ್ಸನ್ನು ನೇರ ನೋಡಲಿ, ಎರಡು ಸಾಲು ಹಾಡಲಿ. ಆಗ ನಾನು ಸುಮ್ಮನಿರುತ್ತೇನೆ.

ಪೇಡೆ ಪೊಟ್ಟಣ
ಇದು ಬರೀ ನೀತಿಯ ಮಾತಲ್ಲ, ಕಸುಬಿನ ಮಾತೂ ಹೌದು. ಕ್ಯಾಮೆರಾ ನಾಯಕನಾದಾಗ ಅವನ ಮನಸ್ಸಿನಲ್ಲೇನಿದೆ ಎಂದು ತೋರಿಸಲು ಅವನ ಮುಖವಿಲ್ಲ. ಎದುರಿಗಿರುವವರ ಮುಖವೇ ಅವನ ಮುಖ. ಅವರು ಹೆದರಿದರೆ ಇವನು ದುಷ್ಟ, ನಕ್ಕರೆ ಇವನು ಒಳ್ಳೆಯವನು. ಬೆನ್ನು ತೋರಿಸುವ ಹುಡುಗಿಯಿಂದ ಏನೂ ಗೊತ್ತಾಗುವುದಿಲ್ಲ. ಅಂಗಡಿ ಮಾಲೀಕ ಬೈಯುವುದು, ಚಹಾ ಕೊಡುವ ಮುದುಕ ಗುರುತಿಸಿ ನಗುವುದು, ಬಸ್ಸಿನಲ್ಲಿ ಮಗುವೊಂದು ಲೆನ್ಸಿಗೆ ನಾಲಿಗೆ ಚಾಚುವುದು, ಇಂಥವು ನಾಲ್ಕು ಬಂದರೆ ಹುಡುಗ ಎಂಥವನು ಎಂದು ಗೊತ್ತಾಗುತ್ತದೆ.

ಸಪ್ತಾಪುರ ಬಾವಿ
ಇದರಲ್ಲಿ ಒಂದು ಕಷ್ಟ ಇದೆ. ಲೆನ್ಸನ್ನು ನೋಡಬೇಡಿ ಎಂದು ನಟರಿಗೆ ವರ್ಷಗಟ್ಟಲೆ ಹೇಳಿ ಹೇಳಿ ರೂಢಿ ಮಾಡಿಸಿರುತ್ತೇವೆ. ಈಗ ಅದನ್ನೇ ನೋಡಿ ಎಂದರೆ ಕಲ್ಲಾಗುತ್ತಾರೆ. ಲೆನ್ಸಿನ ಪಕ್ಕದಲ್ಲೇ ಗಾಯಕನ ಮುಖ ಇರುವಂತೆ ನಿಲ್ಲಿಸಿ, ಅವನೇ ಮಾತಾಡಿಸಲಿ, ಶಾಟ್ ಆರಂಭವಾದಾಗ ಕಣ್ಣನ್ನು ಅಷ್ಟೇ ಸರಿಸಲಿ.

ಸ್ವರಮಂಡಲ
ನಾನು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವನು, ಹಾರ್ಮೋನಿಯಂ ನುಡಿಸುತ್ತೇನೆ. ಕಣ್ಣು ಕಾಣುವುದಿಲ್ಲ, ಈ ಚರ್ಚೆಯನ್ನು ಮೊಬೈಲ್ ಓದಿ ಹೇಳುತ್ತಿದೆ. ಒಬ್ಬ ಮನುಷ್ಯನ ಒಳಗೆ ಕೂರಿಸುತ್ತೇವೆ ಎಂದು ಇಷ್ಟೊಂದು ಬರೆದಿದ್ದೀರಿ. ಶಬ್ದದ ಬಗ್ಗೆ ಒಬ್ಬರಾದರೂ ಒಂದು ಸಾಲು ಬರೆದಿದ್ದೀರಾ?

ಹಾಡಿನ ವಿಡಿಯೊ ಎಂದರೆ ಚಿತ್ರದ ಮೇಲೆ ಹಾಡನ್ನು ಅಂಟಿಸುವುದು ಎಂದೇ ಎಲ್ಲರೂ ತಿಳಿದಿದ್ದಾರೆ. ಕ್ಯಾಮೆರಾ ಹುಡುಗನ ಕಣ್ಣಾದರೆ ಹಾಡು ಎಲ್ಲಿಂದ ಬರುತ್ತಿದೆ? ಅವನು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದಾನೆಯೇ, ಮನಸ್ಸಿನಲ್ಲಿ ಗುನುಗುತ್ತಿದ್ದಾನೆಯೇ, ಚಹಾ ಅಂಗಡಿಯ ಸ್ಪೀಕರಿನಿಂದ ಬರುತ್ತಿದೆಯೇ? ಒಂದನ್ನು ಆರಿಸಿಕೊಳ್ಳಿ. ಚಹಾ ಅಂಗಡಿಯಿಂದ ಎಂದಾದರೆ ಅವನು ಮುಂದೆ ನಡೆದಂತೆ ಹಾಡು ಬೆನ್ನ ಹಿಂದೆ ಉಳಿದು ತೆಳುವಾಗಲಿ, ಮುಂದಿನ ಅಂಗಡಿಯಲ್ಲಿ ಅದೇ ಹಾಡು ಎಡಗಿವಿಗೆ ಸಿಗಲಿ. ಎರಡೂ ಕಿವಿಗಳ ಬಳಿ ಒಂದೊಂದು ಸಣ್ಣ ಮೈಕ್ ಇಟ್ಟುಕೊಂಡು ಧ್ವನಿಮುದ್ರಿಸುವ ಪದ್ಧತಿ ಇದೆ, ಬೈನಾರಲ್ ಎನ್ನುತ್ತಾರೆ. ಇಯರ್‌ಫೋನಿನಲ್ಲಿ ಕೇಳಿದರೆ ಹಿಂದಿನಿಂದ ಬರುವ ಸೈಕಲ್ ಹಿಂದಿನಿಂದಲೇ ಬಂದಂತೆ ಕೇಳಿಸುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ಆ ಗುಣ ಹೋಗುತ್ತದೆ, ನಿಜ. ಆದರೂ ಹಾಡು ಶುರುವಾಗುವ ಮುನ್ನ ಹತ್ತು ಸೆಕೆಂಡು, ಪಲ್ಲವಿ ಮತ್ತು ಚರಣದ ನಡುವೆ ಒಂದು ಉಸಿರಿನಷ್ಟು ಬೈಲಿನ ಸದ್ದನ್ನು ಬಿಡಿ. ನನಗೆ ದುರ್ಗದ ಬೈಲು ಎಂದರೆ ಕಾದ ಎಣ್ಣೆಗೆ ಮಿರ್ಚಿ ಬೀಳುವ ಸದ್ದು, ಆಮೇಲೆ ದರ ಕೂಗುವವರ ಸ್ಥಾಯಿ. ಒಬ್ಬೊಬ್ಬರದು ಹಾರ್ಮೋನಿಯಂನ ಒಂದೊಂದು ಪಟ್ಟಿ, ಶ್ರುತಿ ಮಾತ್ರ ಯಾರೂ ಬಿಡುವುದಿಲ್ಲ.

ಮಿರ್ಚಿ ಗಿರ್ಮಿಟ್
ಸರ್, ನನ್ನ ಹೆಸರಿಗೆ ಇಷ್ಟು ಗೌರವ ಯಾರೂ ಕೊಟ್ಟಿರಲಿಲ್ಲ.

ಹಲಗೆ ಸಪ್ಪಳ
ಸ್ವರಮಂಡಲ ಅವರ ಮಾತಿಗೆ ನನ್ನದೊಂದು ತಕರಾರು. ಹಾಡನ್ನು ದೂರ ಮಾಡಿ ಹತ್ತಿರ ಮಾಡಿ ಆಟವಾಡಿದರೆ ಹಾಡು ಕೇಳಲು ಬಂದವನು ಓಡಿಹೋಗುತ್ತಾನೆ. ಅವನಿಗೆ ತಾಳ ಬೇಕು. ಈ ಬಗೆಯ ಚಿತ್ರೀಕರಣದ ನಿಜವಾದ ಶತ್ರು ತಾಳವೇ. ಮಾಮೂಲಿ ವಿಡಿಯೊದಲ್ಲಿ ಪ್ರತಿ ಪೆಟ್ಟಿಗೆ ಒಂದು ಶಾಟ್ ಕತ್ತರಿಸಿ ಹಾಡನ್ನು ಓಡಿಸುತ್ತೇವೆ. ಒಬ್ಬನ ಕಣ್ಣು ಎಂದ ಮೇಲೆ ಹಾಗೆ ಕತ್ತರಿಸುವಂತಿಲ್ಲ.

ಹಾಗಾಗಿ ಕತ್ತರಿಯನ್ನು ಬಚ್ಚಿಡಬೇಕು. ಕಂಬ ದಾಟುವಾಗ, ಯಾರಾದರೂ ಅಡ್ಡ ಬಂದಾಗ, ಬಾಗಿಲ ಕತ್ತಲಲ್ಲಿ, ಬೆವರು ಒರೆಸಲು ಕೈ ಮುಖದ ಮುಂದೆ ಬಂದಾಗ ಜೋಡಿಸಿ. ಸಟ್ಟನೆ ತಲೆ ತಿರುಗಿಸಿದ ಮಸುಕಿನಲ್ಲೂ ಜೋಡಿಸಬಹುದು, ಆದರೆ ಕಾಕಾ ಹೇಳಿದ ಸಂಕಟ ಹೆಚ್ಚುತ್ತದೆ. ಇದನ್ನೆಲ್ಲ ತಾಳಕ್ಕೆ ಸರಿಯಾಗಿ ಬೀಳಿಸಬೇಕಾದರೆ ಕ್ಯಾಮೆರಾ ಕಟ್ಟಿಕೊಂಡವನ ಕಿವಿಯಲ್ಲಿ ಹಾಡು ಓಡುತ್ತಿರಬೇಕು. ಅವನ ಹೆಜ್ಜೆಯೇ ತಾಳಕ್ಕೆ ಬಿದ್ದರೆ ಅರ್ಧ ಎಡಿಟಿಂಗ್ ಬೀದಿಯಲ್ಲೇ ಮುಗಿಯಿತು. ನಿಧಾನಗತಿಯ ಶಾಟ್ ಬೇಕಾದಲ್ಲಿ 50 ಫ್ರೇಮಿನಲ್ಲಿ ತೆಗೆಯಿರಿ, ಕಿವಿಗೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಬಿಡಿ. 25ಕ್ಕೆ ಇಳಿಸಿದಾಗ ಚಲನೆ ನಿಧಾನವಾಗುತ್ತದೆ, ತಾಳ ಮಾತ್ರ ಸರಿಯಾಗಿ ಕೂರುತ್ತದೆ. ಹೋಳಿಯಲ್ಲಿ ನಾವು ಹಲಗೆ ಬಾರಿಸುವುದನ್ನು ಹೀಗೆ ಒಮ್ಮೆ ತೆಗೆದೆವು, ಎರಡು ಪಟ್ಟು ವೇಗಕ್ಕೆ ಬಾರಿಸಿದ ಹುಡುಗನ ಅಂಗೈ ಸಂಜೆಗೆ ಕೆಂಪಡರಿತ್ತು.

ಸ್ವರಮಂಡಲ
ತಾಳ ಬಿಡಿ ಎಂದು ನಾನು ಹೇಳಿಲ್ಲ. ಹಾಡು ಚಿಕ್ಕದಾದಾಗ ತಾಳವನ್ನು ಬೀದಿ ಹಿಡಿಯಲಿ ಎನ್ನುತ್ತಿದ್ದೇನೆ. ತಗಡು ಬಡಿಯುವವನು ಇಲ್ಲವೇ ಅಲ್ಲಿ?

ಹಲಗೆ ಸಪ್ಪಳ
ಇದ್ದಾನೆ. ಇದು ಒಳ್ಳೆಯದು. ಕದಿಯುತ್ತೇನೆ.

ಚಿಗರಿ ಕಿಟಕಿ
ರೈಲು ನಿಲ್ದಾಣದಲ್ಲೂ ಒಂದು ಶಾಟ್ ಇಡಿ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವಷ್ಟರಲ್ಲಿ ಹಾಡೇ ಮುಗಿಯುತ್ತದೆ.

ಮಿರ್ಚಿ ಗಿರ್ಮಿಟ್
ಅದು ಗೋರಖಪುರದ್ದಲ್ಲವೇ?

ಚಿಗರಿ ಕಿಟಕಿ
ಅದು ಹಳೆಯ ಸಾಮಾನ್ಯ ಜ್ಞಾನದ ಪುಸ್ತಕ. ಗೋರಖಪುರದ್ದು 1,366 ಮೀಟರ್. ನಮ್ಮದು 1,507, ಮಾರ್ಚ್ 2023ರಲ್ಲಿ ಉದ್ಘಾಟನೆಯಾಯಿತು.

ತ್ರಿಕೂಟ
ಉದ್ದ ಇರಲಿ, ರೈಲ್ವೆಯ ಅನುಮತಿ ಇಲ್ಲದೆ ಅಲ್ಲಿ ಹಾಡಿನ ಚಿತ್ರೀಕರಣ ಮಾಡುವಂತಿಲ್ಲ. ಚಿಕ್ಕ ಕ್ಯಾಮೆರಾ, ಯಾರಿಗೆ ಗೊತ್ತಾಗುತ್ತದೆ ಎಂದು ಹೋಗುತ್ತಾರೆ, ಆಮೇಲೆ ಯೂಟ್ಯೂಬಿಗೆ ತಾವೇ ಸಾಕ್ಷಿ ಹಾಕುತ್ತಾರೆ. ನಮ್ಮ ಗದಗಿನ ತ್ರಿಕೂಟೇಶ್ವರ ಗುಡಿಗೂ ಇದೇ ಮಾತು, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ನೋಡಲು ಹೋದವನು ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಬೇರೆ, ಕುಣಿತದ ಹಾಡು ಬೇರೆ. ಇನ್ನೊಂದು, ಬೈಲಿನಲ್ಲಿ ಕ್ಯಾಮೆರಾವನ್ನು ದಿಟ್ಟಿಸುವ ಜನರೆಲ್ಲ ನಿಮ್ಮ ನಟರಲ್ಲ. ಮುಖ ಗುರುತಾಗುವಂತೆ ಹತ್ತಿರ ತೆಗೆದರೆ ಅವರನ್ನು ಕೇಳಿಕೊಳ್ಳಿ. ಎದೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡು ಬಂದವನನ್ನು ಕೆಲವರು ಅಧಿಕಾರಿ ಎಂದು ತಿಳಿಯುತ್ತಾರೆ, ತಳ್ಳುಗಾಡಿಯವರು ಗಾಡಿ ಎತ್ತಿಕೊಂಡು ಹೊರಡುತ್ತಾರೆ.

ಮದುವೆ ವಿಡಿಯೊ ಕಾಕಾ
ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದಾದರೆ ಬೆಳಿಗ್ಗೆಯೇ ಮುಗಿಸಿ. ಬಿಸಿಲಲ್ಲಿ 4ಕೆ ಇಟ್ಟರೆ ಈ ಪುಟ್ಟ ಕ್ಯಾಮೆರಾಗಳು ಕಾದು ತಾವಾಗಿ ಬಂದ್ ಆಗುತ್ತವೆ.

ಹಾಡಿದವನು ನಾನೇ
ಗೆಳೆಯರು ಕೊಂಡಿ ಕಳಿಸಿದರು, ಪೂರ್ತಿ ಓದಿದೆ. ‘ಅರ್ಧ ದುಡ್ಡಿನವನು’ ನಾನು. ನನ್ನನ್ನು ಮುಖದ ಚಟದವನಂತೆ ಚಿತ್ರಿಸಿದ್ದಾರೆ, ಆದ್ದರಿಂದ ನಾಲ್ಕು ಮಾತು ನನ್ನದೂ ಇರಲಿ. ನಮ್ಮಂಥವರಿಗೆ ಯೂಟ್ಯೂಬಿನಿಂದ ಬರುವ ಹಣ ಚಹಾಕ್ಕೂ ಸಾಲುವುದಿಲ್ಲ. ಜಾತ್ರೆಯಲ್ಲಿ, ಗಣಪತಿ ಹಬ್ಬದಲ್ಲಿ ವೇದಿಕೆಯ ಕಾರ್ಯಕ್ರಮಕ್ಕೆ ಕರೆ ಬಂದರೆ ಅದೇ ಹೊಟ್ಟೆಪಾಡು. ಕರೆಯುವ ಕಮಿಟಿಯವರು ಮುಖ ನೋಡಿ ‘ಆ ಹಾಡಿನವನು’ ಎಂದು ಗುರುತಿಸಿ ಕರೆಯುತ್ತಾರೆ. ಧ್ವನಿ ಕೇಳಿ ಗುರುತಿಸಿ ಕರೆದ ಕಮಿಟಿಯನ್ನು ನಾನಿನ್ನೂ ಕಂಡಿಲ್ಲ. ರಷ್ಯಾದ ಗಾಯಕನಿಗೆ ಜಾತ್ರೆ ಕಮಿಟಿ ಇಲ್ಲ.

ಕೆಲಗೇರಿ ಅಕ್ಕಾ ಹೇಳಿದ್ದು ನನಗೆ ಒಪ್ಪಿಗೆ. ಬೆನ್ನು ಹತ್ತುವ ಸಾಲು ಬರೆದವನು ನಾನಲ್ಲ, ಆದರೆ ಹಾಡಿದವನು ನಾನು. ಎರಡನೇ ಚರಣವನ್ನು ಹುಡುಗಿಯ ಧ್ವನಿಯಲ್ಲಿ ಹಾಡಿಸಿ, ಅದನ್ನು ಅವಳ ಕಣ್ಣಿನಿಂದ ತೆಗೆದರೆ ನಾನು ಎದುರಿಗೆ ಬರುತ್ತೇನೆ. ಪೆಚ್ಚಾಗಿಯಾದರೂ ಸರಿ, ಮುಖ ಬಂತಲ್ಲ.

ಕೆಲಗೇರಿ ಗಾಳಿ
ಇದನ್ನು ನಿಮ್ಮ ನಿರ್ದೇಶಕ ಯೋಚಿಸಬೇಕಿತ್ತು. ಅವಳು ಅವನನ್ನು ಮೊದಲೇ ಗಮನಿಸಿರಲಿ. ಬಳೆ ಅಂಗಡಿಯಲ್ಲಿ ಬಳೆ ನೋಡುತ್ತಿದ್ದಾಳೆ ಎಂದು ಅವನು ತಿಳಿದಿದ್ದ ಹೊತ್ತಿನಲ್ಲಿ ಅವಳು ಅಂಗಡಿಯ ಕನ್ನಡಿಯಲ್ಲಿ ಇವನನ್ನು ನೋಡುತ್ತಿದ್ದಳು, ಸಿಟ್ಟಿನಿಂದ. ಬಸ್ ಹತ್ತಿದ್ದು ತಪ್ಪಿಸಿಕೊಳ್ಳಲು. ದೀಪಾವಳಿಯ ಕಟ್ಟೆಯ ಮೇಲೆ ಅವಳು ಮೊದಲು ಕೇಳುವುದು ‘ಅಂದು ಏಕೆ ಹಿಂದೆ ಬಂದೆ?’ ಎಂದೇ ಆಗಿರಲಿ.

ಉಣಕಲ್ ದಂಡೆ
ನಿರ್ದೇಶಕ ಪಕ್ಕದಲ್ಲೇ ಕುಳಿತು ಓದುತ್ತಿದ್ದಾನೆ. ‘ಎರಡು ಕಣ್ಣು ಮಾಡಿದರೆ ನನ್ನ ಕಲ್ಪನೆಯೇ ಸತ್ತುಹೋಯಿತು’ ಎಂದು ಮೊದಲು ಗೊಣಗಿದ. ಈಗ ಕಾಗದ ತೆಗೆದುಕೊಂಡು ಗೆರೆ ಎಳೆಯುತ್ತಿದ್ದಾನೆ. ಬಳೆ ಅಂಗಡಿಯ ಕನ್ನಡಿಯಲ್ಲೇ ನೋಟ ಅವನಿಂದ ಅವಳಿಗೆ ದಾಟಬೇಕಂತೆ. ಒಂದೇ ಶಾಟಿನಲ್ಲಿ. ಕ್ಯಾಮೆರಾ ಕನ್ನಡಿಯಲ್ಲಿ ಕಾಣದಂತೆ ತೆಗೆಯುವುದು ಹೇಗೆ?

ಸಪ್ತಾಪುರ ಬಾವಿ
ಕನ್ನಡಿಗೆ ಓರೆಯಾಗಿ ನಿಂತರೆ ಕ್ಯಾಮೆರಾ ಕಾಣುವುದಿಲ್ಲ. ಆದರೆ ನೋಡುವವನ ಮುಖವೂ ಕಾಣುವುದಿಲ್ಲ, ಅಲ್ಲಿಗೆ ಗಾಯಕರ ತಕರಾರು ಮತ್ತೆ ಶುರು. ನೇರ ನಿಲ್ಲಬೇಕಾದರೆ ಕನ್ನಡಿಯನ್ನೇ ತೆಗೆದು ಖಾಲಿ ಚೌಕಟ್ಟು ಇಡಿ. ಆಚೆ ಬದಿಗೆ ಅಂಗಡಿಯ ಈಚೆ ಭಾಗವನ್ನೇ ಹೋಲುವ ಹಿನ್ನೆಲೆ ಮಾಡಿ, ಗಾಯಕರನ್ನು ಆಚೆ ನಿಲ್ಲಿಸಿ. ಈಚೆ ಕ್ಯಾಮೆರಾದವನ ಕೈ ಏನು ಮಾಡುತ್ತದೆಯೋ ಅವರೂ ಅದನ್ನೇ ಮಾಡಬೇಕು. ಇವನ ಬಲಗೈ ಎದ್ದರೆ ಅವರ ಎಡಗೈ ಏಳಬೇಕು, ಅದನ್ನು ಮನೆಯಲ್ಲಿ ಅಭ್ಯಾಸ ಮಾಡಿ ಬರಲಿ.

ಪೇಡೆ ಪೊಟ್ಟಣ
ಹಿನ್ನೆಲೆಯಲ್ಲಿ ಕ್ಯಾಲೆಂಡರ್, ಬೋರ್ಡು ಇದ್ದರೆ ಅಕ್ಷರ ಉಲ್ಟಾ ಇರಬೇಕು. ಇಲ್ಲದಿದ್ದರೆ ಕಮೆಂಟಿನಲ್ಲಿ ಮೊದಲು ಅದನ್ನೇ ಹಿಡಿಯುತ್ತಾರೆ.

ಮದುವೆ ವಿಡಿಯೊ ಕಾಕಾ
ಗಡಿಯಾರವನ್ನು ಕ್ಯಾಮೆರಾದವನು ಎಡಗೈಗೆ, ಗಾಯಕರು ಬಲಗೈಗೆ ಕಟ್ಟಿಕೊಳ್ಳಲಿ. ಬಳೆ ಅಂಗಡಿ ಎನ್ನುತ್ತೀರಿ, ಸುತ್ತಲೂ ಮೂರು ನಾಲ್ಕು ಕನ್ನಡಿ ಇರುತ್ತವೆ. ಉಳಿದವಕ್ಕೆ ಬಟ್ಟೆ ಹೊದಿಸಿ, ಇಲ್ಲವೇ ಬಳೆಯ ತೊಂಗಲು ಇಳಿಬಿಡಿ.

ಹಾಡಿದವನು ನಾನೇ
ಹೊಸ ಅಂಗಿ ಹೊಲಿಸಿದ್ದೇನೆ, ಬಿಳಿಯದು, ಅದನ್ನೇ ಹಾಕಿಕೊಳ್ಳಲೇ?

ಮದುವೆ ವಿಡಿಯೊ ಕಾಕಾ
ಜೇಬು ಯಾವ ಕಡೆ ಇದೆ?

ಹಾಡಿದವನು ನಾನೇ
ಎಡಕ್ಕೆ. ಎಲ್ಲರಿಗೂ ಇರುವ ಕಡೆಯೇ.

ಮದುವೆ ವಿಡಿಯೊ ಕಾಕಾ
ಹಾಗಾದರೆ ಖಾಲಿ ಚೌಕಟ್ಟಿನ ಆಚೆ ನಿಂತಾಗ ಅದು ತಪ್ಪು ಕಡೆ ಕಾಣುತ್ತದೆ. ಜೇಬಿಲ್ಲದ ಅಂಗಿ ಹಾಕಿಕೊಂಡು ಬನ್ನಿ ತಮ್ಮಾ, ಕ್ಯಾಮೆರಾದವನಿಗೂ ಅದೇ ಬಟ್ಟೆಯಲ್ಲಿ ಒಂದು ಹೊಲಿಸಿ. ತೋಳಿನ ಮಡಿಕೆ ಇಬ್ಬರದೂ ಒಂದೇ ಅಳತೆ ಇರಲಿ.